ಡಾಲರ್ ಏರಿದರೆ ಚೆರ್ರಿಗೆಷ್ಟು?

ಲಂಡನ್ ಪೇಟೆಯಲ್ಲಿ ರೊಬಸ್ಟಾ ಕಾಫಿ ಟನ್ನಿಗೆ 4,000 ಡಾಲರ್ ಇದೆ ಎಂದಿಟ್ಟುಕೊಳ್ಳಿ. ಅಲ್ಲಿ ಏನೂ ಅಲುಗದೆ ಡಾಲರ್ ಮಾತ್ರ ಒಂದು ರೂಪಾಯಿ ಮೇಲೇರಿದರೂ ಹಸನು ಮಾಡಿದ ಬೀಜದ 50 ಕೆ.ಜಿ. ಮೂಟೆಗೆ 200 ರೂಪಾಯಿ ಹೆಚ್ಚಬೇಕು. ಸಿಪ್ಪೆಸಮೇತ ಒಣಗಿಸಿದ ಹಣ್ಣು, ಅಂದರೆ ಒಣಚೆರ್ರಿಯಲ್ಲಿ ಬೀಜ ಸಿಗುವುದು ಹೆಚ್ಚುಕಡಿಮೆ ಅರ್ಧ ತೂಕ. ಹಾಗಾಗಿ ಚೆರ್ರಿ ಮೂಟೆಗೆ ನೂರರ ಆಸುಪಾಸು. ಸಕಲೇಶಪುರ, ಆಲೂರಿನ ಬೆಳೆಗಾರರಿಗೆ ಈ ಲೆಕ್ಕ ಈಗ ಬಾಯಿಪಾಠ.

ಅವರ ಅಜ್ಜಂದಿರಿಗೆ ಇದರ ಗೊಡವೆಯೇ ಇರಲಿಲ್ಲ. 1944ರ ಬ್ರೆಟನ್ ವುಡ್ಸ್ ವ್ಯವಸ್ಥೆಯಲ್ಲಿ ಡಾಲರ್ ಚಿನ್ನಕ್ಕೆ ಕಟ್ಟಿತ್ತು, ಉಳಿದ ನಾಣ್ಯಗಳು ಡಾಲರಿಗೆ. 1949ರಿಂದ 1966ರ ಜೂನ್‌ವರೆಗೆ ಡಾಲರಿಗೆ 4 ರೂಪಾಯಿ 76 ಪೈಸೆ. ಆಮೇಲೆ ಒಂದೇ ಏಟಿಗೆ 7.50. ಆ ಏಟೂ ಕಣದವರೆಗೆ ನೇರವಾಗಿ ಬರಲಿಲ್ಲ. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕಿತ್ತು. ದೇಶದೊಳಗಿನ ಮಾರಾಟ, ರಫ್ತು ಎರಡರ ಹಣವನ್ನೂ ಒಟ್ಟು ಮಾಡಿ, ಪಾಯಿಂಟ್ ಲೆಕ್ಕದಲ್ಲಿ ಕಂತುಕಂತಾಗಿ ಕೊಡುತ್ತಿದ್ದರು. ಪೂಲ್ ಕಾಲವನ್ನು ಹೊಗಳುವವರು ಈಗಲೂ ಸಿಗುತ್ತಾರೆ. ಹೋದ ವರ್ಷದ ಬೆಳೆಯ ದುಡ್ಡಿಗೆ ಈ ವರ್ಷ ಕಾಯುವುದು ನೆಮ್ಮದಿ ಹೇಗಾದೀತೋ ನನಗೆ ತಿಳಿಯದು.

1971ರಲ್ಲಿ ಅಮೆರಿಕ ಚಿನ್ನದ ಕಟ್ಟು ಬಿಚ್ಚಿದರೂ ಮಲೆನಾಡಿಗೆ ಅದರ ಗಾಳಿ ತಾಗಲು ಎರಡು ದಶಕ ಹಿಡಿಯಿತು. ಬಂದಾಗ ಮಾತ್ರ ಎಲ್ಲ ಒಟ್ಟಿಗೇ ಬಂತು. ದೇಶಗಳಿಗೆ ರಫ್ತು ಕೋಟಾ ಹಂಚುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದ 1989ರ ಜುಲೈಯಲ್ಲಿ ಮುರಿದು ಬೆಲೆ ನೆಲಕಚ್ಚಿತು. ಡಾಲರಿನ ಹಂಗಿಲ್ಲದೆ ರೂಪಾಯಿ ಲೆಕ್ಕದಲ್ಲೇ ನಮ್ಮ ಕಾಫಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಇಲ್ಲವಾಯಿತು. ಅದೇ ವರ್ಷ ಜುಲೈಯಲ್ಲಿ ರೂಪಾಯಿ ಅಪಮೌಲ್ಯ, 1993ರ ಮಾರ್ಚ್‌ನಿಂದ ದರ ಮಾರುಕಟ್ಟೆಯ ಕೈಗೆ. 1996ರಲ್ಲಿ ಬೆಳೆಗಾರ ಪೂಲ್‌ನಿಂದ ಪೂರ್ತಿ ಬಿಡುಗಡೆಯಾದ.

ಹಾಗೆಂದು ರೂಪಾಯಿ ಬಿದ್ದರೆ ತೋಟಕ್ಕೆ ಹಬ್ಬವೆಂದಲ್ಲ. ಎಲೆಕ್ಷನ್ ಫಲಿತಾಂಶದಂತೆ ಡಾಲರ್ ದರ ನೋಡುವವರು ಬ್ರೆಜಿಲ್‌ನ ರಿಯಾಲ್ ಮೇಲೂ ಒಂದು ಕಣ್ಣಿಡಬೇಕು. ಅದು 1999ರ ಜನವರಿಯಿಂದ ಮಾರುಕಟ್ಟೆಯ ಏರಿಳಿತಕ್ಕೆ ಬಿಟ್ಟ ನಾಣ್ಯ. ರಿಯಾಲ್ ಕುಸಿದರೆ ಅಲ್ಲಿನ ಬೆಳೆಗಾರನಿಗೆ ತನ್ನ ನಾಣ್ಯದಲ್ಲಿ ಹೆಚ್ಚು ಹಣ. ದಾಸ್ತಾನು ಹೊರಬೀಳುತ್ತದೆ, ಕಾಫಿಯ ಡಾಲರ್ ಬೆಲೆ ಇಳಿಯುತ್ತದೆ. ಇತ್ತ ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಬರುವುದು ಹೊರದೇಶದಿಂದ, ಡಾಲರ್ ಬಿಲ್ಲಿನಲ್ಲಿ.

ರಫ್ತುದಾರ ಮುಂದಿನ ತಿಂಗಳ ಡಾಲರನ್ನು ಬ್ಯಾಂಕಿನಲ್ಲಿ ಇವತ್ತೇ ಒಂದು ದರಕ್ಕೆ ಗೊತ್ತುಮಾಡಿಕೊಳ್ಳಬಲ್ಲ. ಆಲೂರಿನ ಎರಡೆಕರೆ ಬೆಳೆಗಾರನಿಗೆ ಆ ದಾರಿಯಿಲ್ಲ. ಅವನ ಕೈಲಿರುವುದು ಚೆರ್ರಿಯನ್ನು ಈಗ ಮಾರುವುದೋ, ಗೋದಾಮಿನಲ್ಲಿಟ್ಟು ಕಾಯುವುದೋ ಎಂಬ ತೀರ್ಮಾನ ಮಾತ್ರ. ಕೂಲಿ ಬಟವಾಡೆ, ಸಾಲದ ಕಂತು ಅದನ್ನೂ ಎಷ್ಟೋ ಸಲ ಅವನ ಕೈಯಿಂದ ಕಿತ್ತುಕೊಳ್ಳುತ್ತವೆ.