ಕಾವೇರಿಯ ಮಹಶೀರ್

ಮೀನನ್ನು ಕುರಿತು ನಮ್ಮ ವಿದ್ಯಾವಂತರಿಗಿರುವ ತಿಳಿವಳಿಕೆ ಬಹು ಸ್ವಲ್ಪ. ಹಕ್ಕಿಯನ್ನು ಮರದ ಮೇಲೆ ಕಾಣುತ್ತೇವೆ. ಹುಲಿ ಆನೆಗಳನ್ನು ಮೃಗಾಲಯದಲ್ಲಾದರೂ ನೋಡುತ್ತೇವೆ. ಮೀನು ಮಾತ್ರ ನೀರಿನೊಳಗೆ ಹುಟ್ಟಿ, ನೀರಿನೊಳಗೆ ಬೆಳೆದು, ನಮ್ಮ ಕಣ್ಣಿಗೆ ಬೀಳದೆಯೇ ಅಳಿದುಹೋಗಬಲ್ಲದು. ಕಾಣದುದಕ್ಕಾಗಿ ಮರುಗುವವರು ಯಾರು? ಆದಕಾರಣ ಮೀನಿನ ಸಂರಕ್ಷಣೆಯ ಭಾರವನ್ನು ಶಾಸ್ತ್ರಜ್ಞರ ಮೇಲೆಯೇ ಹೊರಿಸಿ ನಿಶ್ಚಿಂತರಾಗಿರುವುದು ಸಾಧ್ಯವಿಲ್ಲ; ಜನರ ತಿಳಿವಳಿಕೆಯೇ ಅದರ ಮೊದಲ ಮೆಟ್ಟಿಲು. ಈ ಮಾತಿಗೆ ನಮ್ಮ ಕಾವೇರಿಯ ಒಂದು ಮೀನಿನ ವೃತ್ತಾಂತವೇ ಸಾಕ್ಷಿಯಾಗಿದೆ.

ಆ ಮೀನಿಗೆ ಮಹಶೀರ್ ಎಂದು ಹೆಸರು. ಕಾವೇರಿಯ ತೀರದವರು ಬಿಳಿಮೀನೆಂದು ಕರೆಯುವುದೂ ಉಂಟು. ಮಾರುಕಟ್ಟೆಯಲ್ಲಿ ದೊರೆಯುವ ಕಾಟ್ಲಾ, ರೋಹು ಮೀನುಗಳಂತೆ ಇದೂ ಗೆಂಡೆಯ ಕುಲಕ್ಕೆ ಸೇರಿದ್ದು. ಮೈತುಂಬ ಅಗಲವಾದ ಹುರುಪೆಗಳು. ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನೊಳಗೆ ಬಲವಾದ ಹಲ್ಲುಗಳಿದ್ದು, ಏಡಿಯಂಥ ಗಟ್ಟಿ ಆಹಾರವನ್ನೂ ಅಲ್ಲಿಯೇ ಪುಡಿಮಾಡಿ ನುಂಗುತ್ತದೆ. ಮಹಶೀರ್‌ಗಳಲ್ಲಿ ಹಲವು ಜಾತಿಗಳುಂಟು. ಅವುಗಳಲ್ಲಿ, ತಲೆಯ ಹಿಂದೆ ಬೆನ್ನು ಡುಬ್ಬದಂತೆ ಉಬ್ಬಿ, ಈಜುರೆಕ್ಕೆಗಳು ಕಿತ್ತಳೆಯ ಬಣ್ಣವನ್ನು ತಾಳಿರುವ ಜಾತಿ ಕಾವೇರಿಗೂ ಅದರ ಉಪನದಿಗಳಿಗೂ ಮಾತ್ರ ವಿಶಿಷ್ಟವಾದುದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಗಾಳಹಾಕಿ ಹಿಡಿದ ಮಹಶೀರ್ 120 ಪೌಂಡು ತೂಗಿತು. ಅಂದರೆ ಸುಮಾರು 54 ಕಿಲೋಗ್ರಾಂ. ಬೆಳೆದ ಮನುಷ್ಯನೊಬ್ಬನ ತೂಕವೆನ್ನಬಹುದು.

ಇಂಥ ಬಲಶಾಲಿಯಾದ ಪ್ರಾಣಿಗೆ ಅಳಿವು ಬಂದುದು ಹೇಗೆ? ಅದರ ಜೀವನಕ್ರಮವನ್ನು ತಿಳಿದರೆ ಉತ್ತರ ತಾನಾಗಿ ದೊರೆಯುತ್ತದೆ. ಮಳೆಗಾಲದ ಹೊಸನೀರು ಬಂದಾಗ ಬೆಳೆದ ಮಹಶೀರ್‌ಗಳು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಈಜಿ, ನೊರಜುಗಲ್ಲಿನ ಮೇಲೆ ತಿಳಿಯಾಗಿ ಹರಿಯುವ ನೀರಿನಲ್ಲಿ ಮೊಟ್ಟೆಯಿಡುತ್ತವೆ. ಆದ್ದರಿಂದ ಅವುಗಳಿಗೆ ಅಡ್ಡಿಯಿಲ್ಲದ ದಾರಿ, ಕಲ್ಲು ಮರಳುಗಳ ಶುದ್ಧವಾದ ತಳ, ಆಮ್ಲಜನಕ ತುಂಬಿದ ನೀರು, ಈ ಮೂರೂ ಬೇಕು. ಅಣೆಕಟ್ಟು ದಾರಿಯನ್ನು ಮುಚ್ಚಿತು. ಮರಳು ತೆಗೆಯುವವರು ತಳವನ್ನು ಕೆಡಿಸಿದರು. ಊರಿನ ಕೊಳಚೆ ನೀರನ್ನು ಕೆಡಿಸಿತು. ಇವು ಸಾಲದೆಂಬಂತೆ ಸಿಡಿಮದ್ದು ಬಂದಿತು. ನೀರಿನಲ್ಲಿ ಸಿಡಿಮದ್ದು ಸ್ಫೋಟಿಸಿದಾಗ ಅದರ ಆಘಾತಕ್ಕೆ ಮೀನಿನ ಮೈಯೊಳಗಿನ ಗಾಳಿಚೀಲ ಒಡೆದುಹೋಗುತ್ತದೆ. ಮೇಲೆ ತೇಲಿದ ಕೆಲವನ್ನು ಹಾಕಿದವನು ಒಯ್ಯುತ್ತಾನೆ. ಮುಳುಗಿದವು ಮಡುವಿನಲ್ಲಿಯೇ ಕೊಳೆಯುತ್ತವೆ. ಮರಿ, ಬೆಳೆದದ್ದು ಎಂಬ ಭೇದವಿಲ್ಲದೆ ಆ ಮಡುವಿನ ಸಂತತಿಯೇ ನಾಶವಾಗುತ್ತದೆ.

ಈ ಅಪಾಯ ಇತ್ತೀಚೆಗೆ ತಿಳಿದುದೇನಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬುವರು ಅಲ್ಲಿಯ ಹೊಳೆಗಳ ಮೀನುಗಳನ್ನು ಪರೀಕ್ಷಿಸಿ, ನೀರಿಗೆ ವಿಷ ಬೆರಸುವುದರಿಂದಲೂ ಸಣ್ಣ ಕಣ್ಣಿನ ಬಲೆಗಳಿಂದಲೂ ಮರಿಮೀನುಗಳಿಗೆ ಒದಗುತ್ತಿದ್ದ ಹಾನಿಯನ್ನು ಸರ್ಕಾರದ ಗಮನಕ್ಕೆ ತಂದರು. ಗಾಳದ ಮೀನುಬೇಟೆಯನ್ನು ಕುರಿತ ಅವರ ಪ್ರಸಿದ್ಧ ಗ್ರಂಥ 1873ರಲ್ಲಿ ಪ್ರಕಟವಾಯಿತು. 1897ರ ಇಂಡಿಯನ್ ಫಿಷರೀಸ್ ಆ್ಯಕ್ಟ್ ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು ಅಪರಾಧವೆಂದು ವಿಧಿಸಿತು. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಬೇಟೆಯ ಪ್ರಾಣಿಗಳನ್ನೂ ಮೀನನ್ನೂ ರಕ್ಷಿಸುವ ರೆಗ್ಯುಲೇಷನ್ ಜಾರಿಗೆ ಬಂದಿತು. ಕಾಯಿದೆಗೆ ಕೊರತೆಯಿರಲಿಲ್ಲ, ಅದನ್ನು ಹೊಳೆಯ ದಡದಲ್ಲಿ ನಿಂತು ನಡೆಸುವವರಿಗೆ ಕೊರತೆಯಿತ್ತು.

ಕಾಯಿದೆಯ ಕೈ ಮುಟ್ಟದ ಕಡೆ ಭಕ್ತಿ ಮೀನನ್ನು ಕಾಪಾಡಿದೆ. ಶೃಂಗೇರಿಯ ತುಂಗಾತೀರದಲ್ಲಿ, ಕಾವೇರಿಯ ದಡದ ರಾಮನಾಥಪುರದಲ್ಲಿ, ಕಪಿಲಾ ನದಿಯ ಶಿಶಿಲದಲ್ಲಿ ದೇವರ ಮೀನುಗಳಿಗೆ ಪುರಿ ಹಾಕದೆ ಬಂದ ಯಾತ್ರಿಕರು ಕಡಿಮೆ. ಆ ಸೋಪಾನಗಳ ಬಳಿ ಬಲೆ ಬೀಸುವ ಧೈರ್ಯ ಯಾರಿಗೂ ಬಾರದು. ಆದರೆ ಈ ರಕ್ಷಣೆಗೂ ಎಲ್ಲೆಯುಂಟು. 1996ರಲ್ಲಿ ಶಿಶಿಲದ ಹೊಳೆಗೆ ದುಷ್ಕರ್ಮಿಗಳು ವಿಷವಿಕ್ಕಿದುದರಿಂದ ಸಾವಿರಾರು ಮೀನುಗಳು ಸತ್ತುಹೋದುವು. ಅಲ್ಲದೆ ನದಿಯ ಮೀನು ದೇವಾಲಯದ ಗಡಿಯನ್ನರಿಯದು. ಮೊಟ್ಟೆಯಿಡುವ ಕಾಲದಲ್ಲಿ ಅದು ಮೇಲಕ್ಕೆ ಹೋಗಲೇಬೇಕು. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ತುಂಗೆ ಕೃಷ್ಣೆಯನ್ನು ಸೇರುವ ನೀರು. ಕಾವೇರಿಯ ಡುಬ್ಬದ ಮಹಶೀರ್ ಅಲ್ಲಿಯದಲ್ಲ. ಶೃಂಗೇರಿಯಲ್ಲಿ ಮೀನು ತುಂಬಿದೆಯೆಂದು ಕಾವೇರಿಯ ಮೀನು ಉಳಿದಿದೆಯೆಂದು ಭಾವಿಸಿದರೆ ಅದು ಭ್ರಾಂತಿ.

ಇಲ್ಲಿಂದಲೇ ಹೆಸರಿನ ಪ್ರಶ್ನೆ ಹುಟ್ಟುತ್ತದೆ. ಬೇಟೆಗಾರರ ಲೋಕದಲ್ಲಿ ಇಷ್ಟು ಕೀರ್ತಿ ಪಡೆದ ಈ ಮೀನಿಗೆ ಬಹುಕಾಲ ನೆಟ್ಟಗೆ ಒಂದು ಶಾಸ್ತ್ರೀಯ ನಾಮವೇ ಇರಲಿಲ್ಲ. 1839ರಲ್ಲಿ ಕರ್ನಲ್ ಸೈಕ್ಸ್ ಎಂಬುವರು ದಖ್ಖಣದ ಒಂದು ಮೀನಿಗೆ ಕೊಟ್ಟಿದ್ದ ‘ಮುಸುಲ್ಲ’ ಎಂಬ ಹೆಸರನ್ನು ಇದಕ್ಕೆ ಅಂಟಿಸಿದ್ದರು. ಆ ಹೆಸರು ಮಹಶೀರ್ ಗಣಕ್ಕೇ ಸೇರದ ಬೇರೊಂದು ಮೀನಿನದೆಂದು 2013ರಲ್ಲಿ ಸಂಶೋಧಕರು ತೋರಿಸಿದರು. ಈ ನಡುವೆ, 2007ರಲ್ಲಿ, ಕಾವೇರಿಯ ಜಲಾನಯನಕ್ಕೆ ಸೇರಿದ ಕೇರಳದ ಪಾಂಬಾರ್ ಹೊಳೆಯಲ್ಲಿ ದೊರೆತ ಒಂದು ಮೀನನ್ನು ಹೊಸ ಜಾತಿಯೆಂದು ವರ್ಣಿಸಿ, ಭಾರತೀಯ ಮತ್ಸ್ಯಶಾಸ್ತ್ರಜ್ಞೆ ಕೆ. ರೆಮಾದೇವಿಯವರ ಗೌರವಾರ್ಥ ‘ಟಾರ್ ರೆಮಾದೇವಿ’ ಎಂದು ಹೆಸರಿಟ್ಟಿದ್ದರು. ಕಾವೇರಿಯ ಡುಬ್ಬದ ಮಹಶೀರೂ ಇದೇ ಜಾತಿಯೆಂದು 2018ರಲ್ಲಿ ಸ್ಥಿರಪಟ್ಟಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ತನ್ನ ಕೆಂಪು ಪಟ್ಟಿಯಲ್ಲಿ ಅದನ್ನು ಅತ್ಯಂತ ವಿಪತ್ತಿಗೊಳಗಾದ ಜೀವಿಗಳ ವರ್ಗಕ್ಕೆ ಸೇರಿಸಿತು. ಹೆಸರಿಲ್ಲದ ಪ್ರಾಣಿಯನ್ನು ಯಾವ ಪಟ್ಟಿಯಲ್ಲಿ ತಾನೇ ಬರೆಯಬಹುದು?

ಈ ವಿಪತ್ತನ್ನು ಬಯಲಿಗೆ ತಂದವರು ಯಾರೆಂಬುದು ವಿಚಾರಾರ್ಹವಾಗಿದೆ. ಭೀಮೇಶ್ವರಿ, ಗಾಲಿಬೋರೆಗಳ ಶಿಬಿರಗಳಲ್ಲಿ ಗಾಳಗಾರರು ಮೀನನ್ನು ಹಿಡಿದು, ತೂಗಿ, ಮತ್ತೆ ನದಿಗೇ ಬಿಡುವ ಪದ್ಧತಿಯಿತ್ತು. ಯಾವ ದಿನ, ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಮೀನು ಸಿಕ್ಕಿತು ಎಂದು ಅವರು ಲೆಕ್ಕವಿಡುತ್ತಿದ್ದರು. 1998ರಿಂದ 2012ರವರೆಗಿನ ಈ ದಾಖಲೆಯನ್ನು ಸಂಶೋಧಕರು ಪರಿಶೀಲಿಸಿದಾಗ ವಿಚಿತ್ರವೊಂದು ಕಂಡುಬಂದಿತು. ಒಟ್ಟು ಮಹಶೀರ್‌ಗಳ ಸಂಖ್ಯೆ ಏರುತ್ತಲೇ ಇತ್ತು. ಡುಬ್ಬದ ಮಹಶೀರ್ ಮಾತ್ರ ಅಪರೂಪವಾಗುತ್ತಿತ್ತು. ಏರುತ್ತಿದ್ದುದು ನೀಲಿ ಈಜುರೆಕ್ಕೆಯ ಮತ್ತೊಂದು ಜಾತಿ, ‘ಟಾರ್ ಖುದ್ರಿ’. ಅದನ್ನು ಅಳಿವಿನಿಂದ ಪಾರುಮಾಡಬೇಕೆಂಬ ಸದುದ್ದೇಶದಿಂದ ಲೋನಾವಳದಲ್ಲಿ ಟಾಟಾ ಸಂಸ್ಥೆಯವರು 1970ರ ದಶಕದಿಂದ ಮರಿಮಾಡಿಸುತ್ತಿದ್ದರು. ಆ ಮರಿಗಳನ್ನು ಅನೇಕ ನದಿಗಳಿಗೆ ಬಿಟ್ಟಂತೆ ಕಾವೇರಿಗೂ ಬಿಡಲಾಯಿತು. ಒಂದರ ಏರಿಕೆಗೂ ಇನ್ನೊಂದರ ಇಳಿಕೆಗೂ ಸಂಬಂಧವಿರಬೇಕೆಂದು ಸಂಶೋಧಕರ ಊಹೆ. ಬರಿಯ ‘ಮಹಶೀರ್’ ಎಂದು ಎಣಿಸಿದ್ದರೆ ನದಿ ಸುಭಿಕ್ಷವಾಗಿದೆಯೆಂದೇ ತೋರುತ್ತಿತ್ತು. ಜಾತಿಯನ್ನು ಬೇರೆಬೇರೆಯಾಗಿ ಬರೆದಿಟ್ಟುದರಿಂದ ಸತ್ಯ ಹೊರಬಿದ್ದಿತು. 2012ರಲ್ಲಿ ವನ್ಯಧಾಮದೊಳಗಿನ ಆ ಗಾಳದ ಶಿಬಿರಗಳು ನಿಂತುಹೋದುವು. ಅವುಗಳೊಂದಿಗೆ ಆ ದಾಖಲೆಯೂ ನಿಂತಿತು.

ಇದರಿಂದ ನಾವು ಕಲಿಯಬೇಕಾದುದೇನು? ದಯೆ ಒಳ್ಳೆಯದೇ, ಆದರೆ ಅರಿವಿಲ್ಲದ ದಯೆ ಒಂದು ನದಿಯ ಸಂಪತ್ತನ್ನು ಇನ್ನೊಂದು ನದಿಯ ಸಂಪತ್ತಿನಿಂದ ಅಳಿಸಿಬಿಡಬಲ್ಲದು. ಪುಣ್ಯಕ್ಕೆಂದಾಗಲಿ, ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಲಾರದೆಂದಾಗಲಿ, ಎಲ್ಲಿಯದೋ ಮೀನನ್ನು ಹೊಳೆಗೆ ಬಿಡದಿರುವುದು ಪಟ್ಟಣಿಗರು ಮಾಡಬಹುದಾದ ಮೊದಲ ಉಪಕಾರ. ಸಿಡಿಮದ್ದಿನಿಂದ ಕೊಂದ ಮೀನೆಂದು ತಿಳಿದರೆ ಅದನ್ನು ಕೊಳ್ಳದಿರುವುದು ಎರಡನೆಯದು. ಮೂರನೆಯದು, ಹೊಳೆಯ ದಂಡೆಯಲ್ಲಿರುವ ಪ್ರತಿಯೊಂದು ಶಾಲೆ ಕಾಲೇಜಿನಲ್ಲಿಯೂ ಒಂದು ಪುಸ್ತಕವನ್ನಿಟ್ಟು, ಬೆಸ್ತರನ್ನು ಕೇಳಿ, ಅಲ್ಲಿ ಸಿಕ್ಕುವ ಮೀನುಗಳ ಹೆಸರನ್ನೂ ತಿಂಗಳನ್ನೂ ಬರೆದಿಡುವುದು. ಇದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಬೆಸ್ತನ ಅನುಭವಕ್ಕೆ ಕಿವಿಗೊಡುವ ವಿನಯವಿದ್ದರೆ ಸಾಕು.

ಕಾವೇರಿಯ ಮೇಲ್ಭಾಗದ ಉಪನದಿಗಳಲ್ಲಿ, ಮೋಯಾರ್ ಮೊದಲಾದ ಕೆಲವೇ ಎಡೆಗಳಲ್ಲಿ, ಡುಬ್ಬದ ಮಹಶೀರ್ ಇನ್ನೂ ಬದುಕಿದೆ. ಅದಕ್ಕೆ ಈಗ ಹೆಸರೊಂದು ದೊರೆತಿದೆ. ಆ ಹೆಸರು ಶಾಸ್ತ್ರಗ್ರಂಥಗಳಲ್ಲಿಯೇ ಉಳಿಯದೆ, ಕಾವೇರಿಯ ನೀರು ಕುಡಿಯುವ ಮೈಸೂರು ಬೆಂಗಳೂರುಗಳ ಮನೆಮನೆಯ ಮಕ್ಕಳಿಗೂ ಪರಿಚಿತವಾದರೆ, ಮೀನನ್ನು ಕಾಯುವ ಕೆಲಸ ಅರ್ಧ ನೆರವೇರಿದಂತೆಯೇ.