ಉನ್ನತ ಕಾಲೇಜುಗಳ ಪ್ರವೇಶ: ಊಹೆಯೂ ಲೆಕ್ಕವೂ

ಪಿ.ಯು.ಸಿ. ಫಲಿತಾಂಶ ಹೊರಬಿದ್ದ ದಿನದಿಂದ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮನೆಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತದೆ: “ಇಷ್ಟು ಅಂಕಕ್ಕೆ ಸುರತ್ಕಲ್ಲಿನಲ್ಲಿ ಸೀಟು ಸಿಕ್ಕೀತೇ?” ಪ್ರಶ್ನೆ ಸಹಜವಾದುದೇ. ಆದರೆ ದೊರೆಯುವ ಉತ್ತರಗಳು ಬಹುಮಟ್ಟಿಗೆ ಊಹೆಯವು. ಒಬ್ಬರು ಹುರಿದುಂಬಿಸುತ್ತಾರೆ, ಮತ್ತೊಬ್ಬರು ಎದೆಗುಂದಿಸುತ್ತಾರೆ. ಇವೆರಡರ ನಡುವೆ ಸಿಲುಕಿ, ಸಿಗಬಹುದಾಗಿದ್ದ ಸೀಟನ್ನು ಕೇಳದೆಯೇ ಬಿಡುವ ಮಕ್ಕಳುಂಟು. ಆದುದರಿಂದ ಈ ಲೆಕ್ಕವನ್ನು ಅಧ್ಯಾಪಕರೂ ಪೋಷಕರೂ ಅರಿತಿರುವುದು ಅವಶ್ಯವಾಗಿದೆ.

ಉನ್ನತ ಶಿಕ್ಷಣದ ವಿಷಯದಲ್ಲಿ ಕರಾವಳಿಯ ಈ ಭಾಗ ಭಾಗ್ಯಶಾಲಿಯೆಂದೇ ಹೇಳಬೇಕು. ಉಡುಪಿಯ ಮಹಾತ್ಮಾಗಾಂಧಿ ಸ್ಮಾರಕ ಕಾಲೇಜು 1949ರಲ್ಲಿ, ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು 1953ರಲ್ಲಿ, ಸುರತ್ಕಲ್ಲಿನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು 1960ರಲ್ಲಿ, ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜು 1963ರಲ್ಲಿ ಆರಂಭವಾದವು. ಸುರತ್ಕಲ್ಲಿನ ಕಾಲೇಜು 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು. ಆದರೆ ಸಂಸ್ಥೆ ಹತ್ತಿರವಿದ್ದ ಮಾತ್ರಕ್ಕೆ ಪ್ರವೇಶ ಹತ್ತಿರವಾಗದು. ನೆರೆಯವರೆಂಬ ಹಕ್ಕು ಎಲ್ಲಿಯೂ ಇಲ್ಲ.

ಮೊದಲು ತಿಳಿಯಬೇಕಾದುದು, ಯಾವ ಸಂಸ್ಥೆಗೆ ಯಾವ ಪರೀಕ್ಷೆಯ ಪಟ್ಟಿ ಎಂಬುದು. ಸುರತ್ಕಲ್ಲಿಗೆ ಜೆ.ಇ.ಇ. ಮೇನ್, ವೈದ್ಯಕೀಯಕ್ಕೆ ನೀಟ್, ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ಸರ್ಕಾರಿ ಸೀಟುಗಳಿಗೆ 1994ರಲ್ಲಿ ಆರಂಭವಾದ ಸಿ.ಇ.ಟಿ. ಮಣಿಪಾಲದ ತಾಂತ್ರಿಕ ಕಾಲೇಜಿಗೆ ಆ ವಿಶ್ವವಿದ್ಯಾಲಯದ್ದೇ ಪ್ರತ್ಯೇಕ ಪರೀಕ್ಷೆಯುಂಟು. ಸುರತ್ಕಲ್ಲಿನಲ್ಲಿ ಅರ್ಧದಷ್ಟು ಸೀಟುಗಳು ಸ್ವರಾಜ್ಯದವರಿಗೆ ಮೀಸಲು. ಆದರೆ ಸ್ವರಾಜ್ಯ ಯಾವುದೆಂಬುದನ್ನು ನಿರ್ಧರಿಸುವುದು ಹುಟ್ಟೂರಲ್ಲ. ಹನ್ನೆರಡನೆಯ ತರಗತಿಯಲ್ಲಿ ಉತ್ತೀರ್ಣರಾದ ರಾಜ್ಯ. ಮುಂಬಯಿಯಲ್ಲಿ ಹೋಟೆಲು ನಡೆಸುವ ಬೈಂದೂರಿನ ಕುಟುಂಬದ ಮಗು ಅಲ್ಲಿಯೇ ಹನ್ನೆರಡನೆಯ ತರಗತಿ ಮುಗಿಸಿದರೆ, ಸುರತ್ಕಲ್ಲಿನ ಲೆಕ್ಕದಲ್ಲಿ ಅದು ಮಹಾರಾಷ್ಟ್ರದ ಅಭ್ಯರ್ಥಿ. ತರಬೇತಿಗೆಂದು ಹೊರರಾಜ್ಯಕ್ಕೆ ಹೋಗಿ ಅಲ್ಲಿಯೇ ಉತ್ತೀರ್ಣರಾಗುವವರಿಗೂ ಇದೇ ನಿಯಮ. ಇದನ್ನು ಹತ್ತನೆಯ ತರಗತಿ ಮುಗಿದಾಗಲೇ ಯೋಚಿಸತಕ್ಕದ್ದು.

ಎರಡನೆಯದಾಗಿ, ಸೀಟನ್ನು ಕೊಡಿಸುವುದು ಅಂಕವಲ್ಲ, ಕ್ರಮಾಂಕ. ಪ್ರಶ್ನೆಪತ್ರಿಕೆ ಸುಲಭವಾದ ವರ್ಷ ಎಲ್ಲರ ಅಂಕವೂ ಏರುತ್ತದೆ, ಕ್ರಮಾಂಕ ಏರಬೇಕೆಂದಿಲ್ಲ. ಜೆ.ಇ.ಇ. ಮೇನ್‌ನಲ್ಲಿ ಕೊಡುವ ಪರ್ಸೆಂಟೈಲ್ ಎಂಬುದು ಶೇಕಡಾ ಅಂಕವಲ್ಲ. 97 ಪರ್ಸೆಂಟೈಲ್ ಎಂದರೆ ನೂರಕ್ಕೆ ಸುಮಾರು ಮೂವರು ಮುಂದಿದ್ದಾರೆ ಎಂದರ್ಥ. ಹತ್ತು ಲಕ್ಷ ಮಂದಿ ಬರೆದರೆಂದು ಎಣಿಸಿದರೆ ಆ ಮೂವರು ಮೂವತ್ತು ಸಾವಿರವಾಗುತ್ತಾರೆ. ಸಿ.ಇ.ಟಿ.ಯ ಎಂಜಿನಿಯರಿಂಗ್ ಕ್ರಮಾಂಕಕ್ಕಾದರೋ ಪ್ರವೇಶ ಪರೀಕ್ಷೆಯದು ಅರ್ಧ ಭಾಗ, ಪಿ.ಯು.ಸಿ. ಅಂಕಗಳದು ಅರ್ಧ ಭಾಗ. ತರಗತಿಯ ಪಾಠವನ್ನು ಕಡೆಗಣಿಸುವವರು ಈ ಅರ್ಧವನ್ನು ಕಳೆದುಕೊಳ್ಳುತ್ತಾರೆ.

ಮೂರನೆಯದು, ಹಿಂದಿನ ವರ್ಷಗಳ ಅಂತಿಮ ಕ್ರಮಾಂಕ. ಒಂದು ವಿಭಾಗದ ಕೊನೆಯ ಸೀಟು ಎಷ್ಟನೆಯ ಕ್ರಮಾಂಕದವರಿಗೆ ಸಂದಿತೆಂಬುದನ್ನು ಅಧಿಕಾರಿಗಳೇ ಸುತ್ತುವಾರು ಪ್ರಕಟಿಸುತ್ತಾರೆ. ಒಂದೇ ವರ್ಷದ ಪಟ್ಟಿಯನ್ನು ನೋಡದೆ ಮೂರು ವರ್ಷಗಳದನ್ನು ಹೋಲಿಸಬೇಕು. ಅದೇ ವಿಭಾಗ, ಅದೇ ವರ್ಗ, ಅದೇ ಸುತ್ತಿನದನ್ನೇ ಹೋಲಿಸಬೇಕು. ನಿಯಮ ಬದಲಾದ ವರ್ಷವನ್ನು ಬಿಡಬೇಕು. 2021ರಲ್ಲಿ ಸಾಂಕ್ರಾಮಿಕದಿಂದ ಪಿ.ಯು.ಸಿ. ಪರೀಕ್ಷೆ ರದ್ದಾಗಿ, ಸಿ.ಇ.ಟಿ. ಅಂಕದಿಂದಲೇ ಕ್ರಮಾಂಕ ನೀಡಲಾಯಿತು. ಅಂತಹ ವರ್ಷ ಮಾದರಿಯಾಗದು. ವಿದ್ಯಾರ್ಥಿಯ ಕ್ರಮಾಂಕ ಮೂರು ವರ್ಷವೂ ಅಂತಿಮ ಕ್ರಮಾಂಕದ ಒಳಗಿದ್ದರೆ ಭರವಸೆಯಿಡಬಹುದು. ಕೆಲವು ವರ್ಷ ಒಳಗೆ, ಕೆಲವು ವರ್ಷ ಹೊರಗೆ ಇದ್ದರೆ ಪ್ರಯತ್ನಿಸಬಹುದು. ಮೂರು ವರ್ಷವೂ ಬಹುದೂರವಿದ್ದರೆ ಬೇರೆ ದಾರಿಯನ್ನೂ ಸಿದ್ಧವಾಗಿಟ್ಟುಕೊಳ್ಳಬೇಕು.

ಇಲ್ಲಿ ಶಾಲೆಯ ಹೊಣೆಯೂ ಇದೆ. ರಾಜ್ಯದ ಸೀಟುಗಳಲ್ಲಿ ಶೇಕಡಾ 15 ಗ್ರಾಮೀಣ ವ್ಯಾಸಂಗದವರಿಗೆ, ಶೇಕಡಾ 5 ಕನ್ನಡ ಮಾಧ್ಯಮದವರಿಗೆ ಮೀಸಲಾಗಿವೆ. ಒಂದರಿಂದ ಹತ್ತನೆಯ ತರಗತಿಯವರೆಗಿನ ಓದು ಇದಕ್ಕೆ ಆಧಾರ. ಈ ಸೀಟುಗಳ ಅಂತಿಮ ಕ್ರಮಾಂಕವನ್ನು ಬೇರೆಯಾಗಿಯೇ ಪ್ರಕಟಿಸುತ್ತಾರೆ. ಸಾಮಾನ್ಯ ಪಟ್ಟಿಯೊಂದನ್ನೇ ನೋಡಿ ನಿರಾಶರಾದ ಹಳ್ಳಿಯ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ. ಮುಖ್ಯೋಪಾಧ್ಯಾಯರು ಸಕಾಲದಲ್ಲಿ ಬರೆದುಕೊಡುವ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಪಡೆದ ಒಂದು ವ್ಯಾಸಂಗ ಪ್ರಮಾಣಪತ್ರ ಮಗುವಿನ ಭವಿಷ್ಯವನ್ನೇ ಬದಲಿಸಬಲ್ಲುದು. ವಹಿಯಲ್ಲಿ ಮಾಧ್ಯಮವನ್ನು ತಪ್ಪಾಗಿ ನಮೂದಿಸಿದರೆ ಅದೇ ಮಗು ಹಕ್ಕಿನ ಸೀಟಿಗೆ ಎರವಾದೀತು.

ಕೊನೆಯದಾಗಿ, ಕಾಲೇಜುಗಳ ಆಯ್ಕೆಯನ್ನು ನಮೂದಿಸುವ ಕ್ರಮ. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. “ಸಿಗಲಾರದ್ದನ್ನು ಮೊದಲು ಬರೆದರೆ ಸಿಗುವುದೂ ತಪ್ಪೀತು” ಎಂಬ ಭಯ ಎಲ್ಲೆಡೆಯಿದೆ. ಅದು ನಿರಾಧಾರವಾದುದು. ಗಣಕಯಂತ್ರ ಕ್ರಮಾಂಕದಂತೆ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ, ಅವರ ಸರದಿಯಲ್ಲಿ ಉಳಿದಿರುವ ಮೊದಲ ಸೀಟನ್ನು ಕೊಡುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದರ ಹಕ್ಕಿಗೆ ಲವಲೇಶವೂ ಕುಂದಿಲ್ಲ. ಆದುದರಿಂದ ಬಯಕೆಯ ಕ್ರಮದಲ್ಲಿ ಬರೆಯಬೇಕು; ಭಯದ ಕ್ರಮದಲ್ಲಲ್ಲ. ಸಾಧ್ಯತೆಯ ಲೆಕ್ಕ ಉಪಯೋಗಕ್ಕೆ ಬರುವುದು ಪಟ್ಟಿಯ ಕೆಳಭಾಗದಲ್ಲಿ ಖಚಿತವಾದ ಕೆಲವು ಹೆಸರುಗಳನ್ನು ಸೇರಿಸುವುದಕ್ಕೆ. ಸೇರಲು ಮನಸ್ಸಿಲ್ಲದ, ಶುಲ್ಕ ತೆರಲಾಗದ ಕಾಲೇಜನ್ನು ಮಾತ್ರ ಎಲ್ಲಿಯೂ ಬರೆಯಬಾರದು. ಸಿ.ಇ.ಟಿ.ಯಲ್ಲಿ ನಿಜವಾದ ಹಂಚಿಕೆಗೆ ಮುನ್ನ ಅಣಕು ಹಂಚಿಕೆಯೂ ನಡೆಯುತ್ತದೆ. ಅದನ್ನು ನೋಡಿ ಪಟ್ಟಿಯನ್ನು ತಿದ್ದಿಕೊಳ್ಳಬಹುದು.

ಅನುಕೂಲವಂತರು ಈ ತಿಳಿವಳಿಕೆಯನ್ನು ಹಣ ಕೊಟ್ಟು ಪಡೆಯುತ್ತಾರೆ. ಗಂಗೊಳ್ಳಿಯ ಮೀನುಗಾರನ ಮಗಳಿಗೂ ಶಂಕರನಾರಾಯಣದ ಕೃಷಿಕನ ಮಗನಿಗೂ ಅದು ದೊರೆಯಬೇಕಾದುದು ಶಾಲೆಯಿಂದ. ಆ ದಿನಗಳಲ್ಲಿ ಮೂರು ವರ್ಷಗಳ ಪಟ್ಟಿಯನ್ನು ಹಿಡಿದು ಮಕ್ಕಳೊಡನೆ ಕೂರುವ ಒಬ್ಬ ಅಧ್ಯಾಪಕ, ಮೊದಲ ಕಂತಿನ ಶುಲ್ಕಕ್ಕೆ ನೆರವಾಗುವ ಒಬ್ಬ ಹಳೆಯ ವಿದ್ಯಾರ್ಥಿ, ಇಷ್ಟಿದ್ದರೆ ಅನೇಕ ಮಕ್ಕಳು ತಮಗೆ ಸಲ್ಲಬೇಕಾದ ಸೀಟನ್ನು ಭಯದಿಂದ ಬಿಟ್ಟುಕೊಡುವುದು ತಪ್ಪುತ್ತದೆ.