ಉಕ್ಕಿನ ಗಡಿಯಾರಕ್ಕೆ ಗೆರೆಯ ಮೆರುಗು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಮನೆಗಳಲ್ಲಿ ಹಿರಿಯರ ಎಚ್.ಎಂ.ಟಿ. ಕೈಗಡಿಯಾರವು ಈಗಲೂ ಇರುವುದುಂಟು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಆರಂಭವಾದ ಈ ಉದ್ಯಮವನ್ನು ಮುಚ್ಚಲು ಕೇಂದ್ರ ಸರಕಾರವು 2016ರಲ್ಲಿ ನಿರ್ಧರಿಸಿತು. ಆದಕಾರಣ ಕೆಟ್ಟ ಕವಚಕ್ಕೆ ಬದಲಿ ದೊರೆಯುವುದು ಸುಲಭವಲ್ಲ. ಎರೆಮಣ್ಣಿನ ಧೂಳಿನಿಂದ ಗೀರುಬಿದ್ದ ಕನ್ನಡಿಹೊಳಪನ್ನು ನವುರಾದ ಗೆರೆಗಳ ಮೆರುಗಾಗಿ ಮಾರ್ಪಡಿಸಬಹುದು.

ಮೊದಲು ಕವಚವು ಉಕ್ಕಿನದೇ ಎಂಬುದನ್ನು ನೋಡತಕ್ಕದ್ದು. ಬೆನ್ನ ಮೇಲೆ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದಿದ್ದರೆ ಹಿಂದಿನ ಮುಚ್ಚಳವಷ್ಟೇ ಉಕ್ಕು. ಮೈಯು ಕ್ರೋಮಿಯಂ ಲೇಪದ ಹಿತ್ತಾಳೆಯಾಗಿರಬಹುದು. ಪಟ್ಟಿ ಸೇರುವ ಕೊಂಬುಗಳ ಅಂಚಿನಲ್ಲಿ ಹಳದಿ ಇಣುಕಿದರೆ ಕೈಹಚ್ಚಲಾಗದು. ಉಜ್ಜಿದಷ್ಟೂ ಹಿತ್ತಾಳೆಯೇ ಬಯಲಾಗುವುದು.

ಉಕ್ಕೇ ಆಗಿದ್ದರೆ ಗಡಿಯಾರ ರಿಪೇರಿಯವರಿಂದ ಯಂತ್ರವನ್ನೂ ಗಾಜನ್ನೂ ತೆಗೆಸಿ, 400ನೆಯ ನಂಬರಿನ ಎಮರಿ ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ, ಒಂದೇ ದಿಕ್ಕಿಗೆ ನೀಳವಾಗಿ ಎಳೆಯಬೇಕು. ಹಿಂದುಮುಂದಾಗಿ ತಿಕ್ಕಿದರೆ ಗೆರೆಗಳು ಸೊಟ್ಟಾಗುವುವು. ಬರಿಬೆರಳಿನಿಂದ ಒತ್ತಿದರೆ ಅಂಚುಗಳು ದುಂಡಾಗುವುವು. ತೆಗೆದ ಲೋಹವು ಮರಳಿ ಬಾರದಾದ್ದರಿಂದ ಆಳವಾದ ಗೀರನ್ನು ಹಾಗೆಯೇ ಬಿಡುವುದು ಲೇಸೆಂದು ನಮ್ಮ ಮತ. ಮದುವೆಯ ತಾರೀಖು ಕೆತ್ತಿಸಿದ ಬೆನ್ನನ್ನಂತೂ ಮುಟ್ಟಲೇಬಾರದು. ಕೊನೆಗೆ ಸಾಬೂನಿನ ನೀರಿನಲ್ಲಿ ಪುಡಿಯನ್ನೆಲ್ಲ ತೊಳೆದು, ಚೆನ್ನಾಗಿ ಒಣಗಿಸಿದ ಮೇಲೆಯೇ ಯಂತ್ರವನ್ನು ಕೂಡಿಸಲು ಕೊಡತಕ್ಕದ್ದು.